ಜಪಾನೀ ಚಿತ್ರಮಾಲೆಗಳೂ ಹೊಸ ಪ್ರೇಕ್ಷಕರೂ

ಜಪಾನ ದೇಶದಲ್ಲಿ ಸಿದ್ಧವಾಗುವ ಚಲಿಸುವ ರೇಖಾಚಿತ್ರಗಳ ಕಥಾಮಾಲೆಗಳು 'ಅನಿಮೆ' ಎಂಬ ಹೆಸರಿನಿಂದ ಇತ್ತಿತ್ತಲಾಗಿ ನವಲಗುಂದದಂತಹ ಊರುಗಳ ಮನೆಗಳನ್ನೂ ಹೊಕ್ಕಿವೆ. ಹುಬ್ಬಳ್ಳಿ-ಧಾರವಾಡಗಳ ಕಾಲೇಜುಗಳಿಗೆ ಹೋಗಿ ಬರುವ ತರುಣರು ಅವುಗಳನ್ನು ಬಸ್ಸಿನಲ್ಲಿ ಮೊಬಾಯಿಲಿನ ಮೇಲೆಯೂ, ರಾತ್ರಿ ಮನೆಯ ದೂರದರ್ಶನದ ಪರದೆಯ ಮೇಲೆಯೂ ನೋಡುತ್ತಾರೆ. ಮನೆಯ ಹಿರಿಯರು ಒಮ್ಮೆ ಇಣಿಕಿ ನೋಡಿ, "ಇಷ್ಟ ದೊಡ್ಡಾಂವಾಗಿ ಗೊಂಬಿಯಾಟ ನೋಡತೀ ಏನೋ?" ಎಂದು ನಕ್ಕು ಸುಮ್ಮನಾಗುತ್ತಾರೆ. ಅಲ್ಲಿಯವರೆಗೆ ತೊಡಕಿಲ್ಲ. ಆ ಹಿರಿಯರಲ್ಲಿಯೇ ಒಬ್ಬರು, ಇಲ್ಲವೆ ಅಕ್ಕನೋ ಅತ್ತಿಗೆಯೋ, ಒಂದು ದಿನ "ಅದರಾಗ ಅಂಥಾದ್ದೇನೈತಿ, ನಮಗೂ ಒಂದಿಷ್ಟು ತೋರಿಸು" ಎಂದು ಕೇಳಿದಾಗಲೇ ತೊಡಕಿನ ಆರಂಭ. ತರುಣನು ಹಿಗ್ಗಿನಿಂದ ತನಗೆ ಅತ್ಯಂತ ಪ್ರಿಯವಾದುದನ್ನು ತೋರಿಸುತ್ತಾನೆ. ಅರ್ಧ ಗಂಟೆಯೊಳಗೆ ಕೇಳಿದವರು ಆಕಳಿಸುತ್ತಾರೆ, ಇಲ್ಲವೆ ಹೇಸಿಕೊಂಡು ಏಳುತ್ತಾರೆ. ಒಂದು ಕಲೆಯ ಬಾಗಿಲು ಆ ಮನೆಯ ಮಟ್ಟಿಗೆ ಹಾಗೆ ಮುಚ್ಚಿತೆಂದರೆ ಬಹುಮಟ್ಟಿಗೆ ಮುಚ್ಚಿಯೇ ಹೋಗುತ್ತದೆ.

ದೋಷವು ತೋರಿಸಿದ ಕೃತಿಯದಲ್ಲ, ನೋಡಿದವರದೂ ಅಲ್ಲ. ಅವೆರಡನ್ನೂ ಕೂಡಿಸಿದ ಕ್ರಮದ್ದು. ವೇದಾಂತಗ್ರಂಥಗಳಲ್ಲಿ ವಿಷಯ, ಸಂಬಂಧ, ಪ್ರಯೋಜನಗಳಿಗಿಂತ ಮುಂಚೆ 'ಅಧಿಕಾರಿ' ಯಾರೆಂಬುದನ್ನು ನಿರ್ಣಯಿಸುತ್ತಾರೆ. ಓದು ಕಲಿಯುತ್ತಿರುವವನ ಕೈಗೆ ಪಂಪಭಾರತವನ್ನು ಕೊಡುವ ಗುರುವಿಲ್ಲ. ಅದರಿಂದ ಪಂಪನಿಗೆ ಕುಂದೂ ಇಲ್ಲ. ಸಲಹೆ ಮಾಡುವವನು ತನ್ನ ಮೆಚ್ಚಿಕೆಯನ್ನು ತುಸು ಬದಿಗಿಟ್ಟು, ಎದುರಿಗೆ ಕುಳಿತವರು ಈ ಮೊದಲು ಏನನ್ನು ಕೇಳಿ, ಏನನ್ನು ಓದಿ, ಯಾವ ಆಟವನ್ನು ನೋಡಿ ಬೆಳೆದವರೆಂಬುದನ್ನು ವಿಚಾರಿಸಬೇಕು. ಈ ದೃಷ್ಟಿಯಿಂದ ಕೆಲವು ಚಿತ್ರಮಾಲೆಗಳ ಯೋಗ್ಯತೆಯನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು, ಬರೆದ ಚಿತ್ರವೆಂದರೆ ಮಕ್ಕಳದು ಎಂಬ ಕಲ್ಪನೆಯನ್ನು ಕುರಿತು ಒಂದು ಮಾತು. ಕರ್ನಾಟಕದಲ್ಲಿ ಈ ಕಲ್ಪನೆ ಹುಟ್ಟಿದ್ದೇ ಸೋಜಿಗ. ಕಿಳ್ಳೇಕ್ಯಾತರು ತೊಗಲುಗೊಂಬೆಗಳನ್ನು ದೀಪದ ಮುಂದೆ ಹಿಡಿದು ರಾಮಾಯಣ-ಭಾರತಗಳನ್ನು ಆಡಿಸುತ್ತಿದ್ದಾಗ ಊರಿನ ಹಿರಿಯರು ನಡುರಾತ್ರಿಯವರೆಗೆ ಕುಳಿತು ನೋಡುತ್ತಿದ್ದರು. ಅಲ್ಲಿ ಗೊಂಬೆ ಅತ್ತರೆ ನೋಡುವವರೂ ಅತ್ತರು. ಇನ್ನು ಜಪಾನೀ ಚಿತ್ರಗಳನ್ನು ಈ ಸೀಮೆಯವರು ಅರಿಯದೆಯೇ ಎಂದೋ ನೋಡಿ ಮೆಚ್ಚಿದ್ದಾರೆ. 1993ರಲ್ಲಿ ದೂರದರ್ಶನವು ಪ್ರಸಾರ ಮಾಡಿದ, ಗುಲ್ಜಾರರ ಹಾಡಿನಿಂದ ಮನೆಮಾತಾದ 'ಜಂಗಲ್ ಬುಕ್' ಎಂಬ ಮೋಗ್ಲಿಯ ಕಥೆ 1989ರಲ್ಲಿ ಜಪಾನಿನ ನಿಪ್ಪೊನ್ ಅನಿಮೇಶನ್ ಸಂಸ್ಥೆಯವರು ನಿರ್ಮಿಸಿದ 52 ಕಂತುಗಳ ಅನಿಮೆ. ಯೂಗೊ ಸಾಕೊ ಎಂಬ ಜಪಾನೀ ಗೃಹಸ್ಥರು ಭಾರತದ ರಾಮ ಮೋಹನರೇ ಮೊದಲಾದವರೊಡನೆ ಕೂಡಿ ನಿರ್ಮಿಸಿದ, 1992ರಲ್ಲಿ ಪೂರ್ಣಗೊಂಡ ರಾಮಾಯಣದ ಚಿತ್ರವು 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಮರಳಿ ಬಂದಿತು. ಹೀಗಿರಲು ಅನಿಮೆ ತೀರ ಹೊಸ ಅತಿಥಿಯೇನೂ ಅಲ್ಲ.

ಆದರೂ ಹೊಸಬರ ಕಣ್ಣಿಗೆ ಒಂದು ಸಂಗತಿ ಚುಚ್ಚುತ್ತದೆ: ಚಿತ್ರ ಸಾಕಷ್ಟು ಚಲಿಸುವುದಿಲ್ಲ. ಮುಖ ನಿಶ್ಚಲವಾಗಿದ್ದು ತುಟಿ ಮಾತ್ರ ಆಡುತ್ತದೆ. ಹಿನ್ನೆಲೆಯ ಬೆಟ್ಟ, ಆಕಾಶ ಸರಿದು ಹೋಗುತ್ತವೆ, ಮನುಷ್ಯ ನಿಂತೇ ಇರುತ್ತಾನೆ. ಇದಕ್ಕೆ ಕಾರಣವುಂಟು. 1963ನೆಯ ಜನವರಿ 1ರಂದು ತೆಜುಕಾ ಒಸಾಮು ಎಂಬ ಚಿತ್ರಕಾರರ 'ತೆತ್ಸುವಾನ್ ಆತೊಮು' ಎಂಬ ಮಾಲೆಯು ಜಪಾನದ ದೂರದರ್ಶನದಲ್ಲಿ ಆರಂಭವಾಯಿತು. ವಾರಕ್ಕೆ ಅರ್ಧ ಗಂಟೆಯ ಒಂದು ಕಂತು ಹೊರಬೀಳಲೇಬೇಕು, ಹಣವೋ ಅಲ್ಪ. ಚಲಚ್ಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆ. ತೆಜುಕಾ ಅವರು ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳವರೆಗೆ ನಿಲ್ಲಿಸಿ ಸೆಕೆಂಡಿಗೆ ಎಂಟೇ ಚಿತ್ರಗಳಲ್ಲಿ, ಸಾಧ್ಯವಾದಲ್ಲಿ ಅದಕ್ಕಿಂತಲೂ ಕಡಿಮೆಯಲ್ಲಿ, ಕೆಲಸ ಸಾಗಿಸಿದರು. ಒಮ್ಮೆ ಬರೆದುದನ್ನು ಕಾದಿಟ್ಟು ಮತ್ತೆ ಬಳಸಿದರು. ಬಡತನದ ಈ ಉಪಾಯವೇ ಮುಂದೆ ಒಂದು ಶೈಲಿಯಾಯಿತು. ಚಲನೆಯನ್ನು ಉಳಿಸಿದ ಕಲಾವಿದನು ನಿಲುವು, ನೆರಳು, ಮೌನಗಳನ್ನು ದುಡಿಸಿಕೊಳ್ಳುವುದನ್ನು ಕಲಿತನು. ನವಲಗುಂದದ ಜಮಖಾನೆಯನ್ನು ಕಂಡವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಎದ್ದು ನಿಂತ ಮಗ್ಗದ ಮೇಲೆ ಹೆಣ್ಣುಮಕ್ಕಳು ನೇಯುವ ನವಿಲಿಗೆ ಗುಂಡಗಿನ ಗೆರೆ ಸಾಧ್ಯವಿಲ್ಲ. ಮೂಲೆಮೂಲೆಯಾಗಿ, ಮೆಟ್ಟಿಲುಮೆಟ್ಟಿಲಾಗಿ ಅದು ಏಳುತ್ತದೆ. ಅದನ್ನು ನವಿಲಲ್ಲವೆಂದವರನ್ನು ಯಾರೂ ಕಂಡಿಲ್ಲ.

ಇನ್ನು, ಮೊದಲ ನೋಟಕ್ಕೆ ಸಲ್ಲದವುಗಳು. 1999ರಲ್ಲಿ ಆರಂಭವಾದ 'ವನ್ ಪೀಸ್' 1100 ಕಂತುಗಳನ್ನು ಮೀರಿದೆ; ಮನೆವಾರ್ತೆಯುಳ್ಳವರಿಗೆ ಅದನ್ನು ಸೂಚಿಸುವುದೆಂದರೆ ಹಸಿದವನಿಗೆ ಹೊಲವನ್ನು ತೋರಿಸಿದಂತೆ. 1995-96ರ 'ಇವಾಂಗೆಲಿಯನ್' ಘನವಾದ ಕೃತಿಯೇ ಸರಿ. ಆದರೆ ಅದು ತನಗಿಂತ ಹಿಂದಿನ ಯಂತ್ರಮಾನವರ ಕಥೆಗಳ ಮರ್ಯಾದೆಯನ್ನು ಮುರಿಯುವುದಕ್ಕೆಂದೇ ಹುಟ್ಟಿದುದು. ಮರ್ಯಾದೆಯನ್ನೇ ಅರಿಯದವನಿಗೆ ಮುರಿತದ ರುಚಿ ಎಲ್ಲಿಂದ ತಿಳಿದೀತು? ಅದರ ಕೊನೆಯ ಎರಡು ಕಂತುಗಳಂತೂ ನಾಯಕನ ಮನಸ್ಸಿನೊಳಗೇ ಇಳಿದುಹೋಗಿ, ಬಲ್ಲವರಲ್ಲಿಯೂ ಜಗಳವನ್ನೆಬ್ಬಿಸಿವೆ.

'ಡೆತ್ ನೋಟ್' ಎಂಬುದರ ವಿಷಯದಲ್ಲಿ ಮಾತ್ರ ತುಸು ನಿಂತು ನೋಡಬೇಕು. ಯಾಕಂದರೆ ತರುಣರು ಹೊಸಬರಿಗೆ ಮೊದಲು ಸೂಚಿಸುವುದು ಅನೇಕವೇಳೆ ಇದನ್ನೇ. 2006-07ರ ಈ 37 ಕಂತುಗಳ ಮಾಲೆಯಲ್ಲಿ ಲೈಟ್ ಯಾಗಾಮಿ ಎಂಬ ಜಾಣ ವಿದ್ಯಾರ್ಥಿಗೆ ಒಂದು ಪುಸ್ತಕ ಸಿಗುತ್ತದೆ. ಮುಖವನ್ನು ನೆನೆದು ಯಾರ ಹೆಸರನ್ನು ಅದರಲ್ಲಿ ಬರೆದರೆ ಅವರು ಸಾಯುತ್ತಾರೆ. ದುಷ್ಟರನ್ನು ಕೊಂದು ಜಗತ್ತನ್ನು ಶುದ್ಧಮಾಡಲು ಹೊರಟ ಅವನಿಗೂ, 'ಎಲ್' ಎಂಬ ಒಂದಕ್ಷರದ ಹೆಸರಿನ ಪತ್ತೇದಾರನಿಗೂ ಬುದ್ಧಿಯ ಸೆಣಸಾಟ ನಡೆಯುತ್ತದೆ. ಕಟ್ಟು ಬಿಗಿಯಾದುದು, ಒಂದು ಕಂತು ಮುಗಿದರೆ ಇನ್ನೊಂದನ್ನು ನೋಡದಿರಲಾಗದು. ಮುದ್ರಾರಾಕ್ಷಸವನ್ನು ಓದಿದವರಿಗೆ ಈ ಬಗೆಯ ಆಟ ಹೊಸದಲ್ಲ. ಭೇದವಿರುವುದು ಇಲ್ಲಿ: ವಿಶಾಖದತ್ತನ ನಾಟಕದಲ್ಲಿ ಸೋತ ರಾಕ್ಷಸನೂ ಕೊನೆಯವರೆಗೆ ದೊಡ್ಡವನಾಗಿಯೇ ಉಳಿಯುತ್ತಾನೆ, ಡೆತ್ ನೋಟಿನಲ್ಲಿ ಮೂರನೆಯ ಎರಡು ಪಾಲು ಸಾಗಿದ ಮೇಲೆ ಪ್ರತಿಪಕ್ಷದ ತೂಕವೇ ಇಳಿದು, ಉಳಿದ ಕಥೆ ಯುಕ್ತಿಯ ಲೆಕ್ಕಾಚಾರವಾಗಿ ಬಿಡುತ್ತದೆ. ಅಲ್ಲದೆ ಇದನ್ನು ಮೊದಲು ನೋಡಿದವನು ಮುಂದಿನ ಪ್ರತಿಯೊಂದರಲ್ಲಿಯೂ ಇದೇ ಉಸಿರುಗಟ್ಟುವ ವೇಗವನ್ನು ಹುಡುಕಿ ನಿರಾಶನಾಗುತ್ತಾನೆ. ಮೊದಲ ತುತ್ತಿಗೇ ಖಾರ ಹೆಚ್ಚಾದರೆ ಆಮೇಲಿನ ಅಡಿಗೆಯ ರುಚಿ ನಾಲಿಗೆಗೆ ಹತ್ತದು.

ಹಾಗಾದರೆ ಕೀರ್ತನ-ಪುರಾಣಗಳನ್ನು ಕೇಳಿದ, ನಾಟಕ-ಸಣ್ಣಾಟಗಳನ್ನು ಬಲ್ಲ, ಓದುಬರಹವುಳ್ಳ ಮನೆಗೆ ಯಾವುದು ತಕ್ಕುದು? ಕಲೆಯ ದೃಷ್ಟಿಯಿಂದ ನೋಡಿದರೆ 'ಶೋವಾ ಗೆನ್ರೊಕು ರಾಕುಗೊ ಶಿಂಜೂ' ಎಂಬುದಕ್ಕೆ ಸಮನಾದುದು ದೊರೆಯುವುದು ಕಠಿಣ. ಕುಮೊತಾ ಹಾರುಕೊ ಎಂಬ ಲೇಖಕಿಯ ಚಿತ್ರಕಥೆಯನ್ನು ಆಧರಿಸಿ 2016ರಲ್ಲಿ 13, 2017ರಲ್ಲಿ 12 ಕಂತುಗಳಾಗಿ ಇದು ಹೊರಬಿದ್ದಿತು. ರಾಕುಗೊ ಎಂಬುದು ಜಪಾನದ ಕಥನಕಲೆ. ಕಥೆಗಾರನು ಮೆತ್ತೆಯ ಮೇಲೆ ಮೊಣಕಾಲೂರಿ ಕುಳಿತು, ಒಂದು ಬೀಸಣಿಗೆ, ಒಂದು ಕೈವಸ್ತ್ರ ಇಷ್ಟನ್ನೇ ಇಟ್ಟುಕೊಂಡು, ಮುಖವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ಎಲ್ಲ ಪಾತ್ರಗಳನ್ನೂ ಒಬ್ಬನೇ ನುಡಿಯುತ್ತಾನೆ. ಇಲ್ಲಿಯ ಕೀರ್ತನಕಾರರು ಎದ್ದುನಿಂತು ತಾಳ ಹಿಡಿದು ಮಾಡುವುದನ್ನು ಅವನು ಕುಳಿತು ಮಾಡುತ್ತಾನೆ. ಸಂಗೀತವಿಲ್ಲ, ದೇವರನಾಮವಿಲ್ಲ, ನಗೆಯೇ ಪ್ರಧಾನ. ಆದರೆ ಒಂದೇ ಕೊರಳಿನಿಂದ ಅತ್ತೆ-ಸೊಸೆ, ಕಳ್ಳ-ಸಾಹುಕಾರರೆಲ್ಲ ಹೊರಡುವ ಆ ಬೆರಗು ಎರಡರಲ್ಲಿಯೂ ಒಂದೇ.

ಸೆರೆಮನೆಯಿಂದ ಬಿಡುಗಡೆಯಾದ ತರುಣನೊಬ್ಬನು ಯಾಕುಮೊ ಎಂಬ ವೃದ್ಧ ಕಥೆಗಾರನ ಬಾಗಿಲಿಗೆ ಬಂದು ಶಿಷ್ಯನಾಗಲು ಬೇಡುವುದರಿಂದ ಕಥೆ ಮೊದಲಾಗುತ್ತದೆ. ಸೆರೆಯಲ್ಲಿದ್ದಾಗ ಆತನ ಬಾಯಿಂದ ಕೇಳಿದ 'ಮೃತ್ಯುದೇವತೆ'ಯ ಕಥೆ ಇವನನ್ನು ಹಿಡಿದುಬಿಟ್ಟಿದೆ. ಅದುವರೆಗೆ ಶಿಷ್ಯರನ್ನೇ ತೆಗೆದುಕೊಳ್ಳದ, ಈ ಕಲೆ ತನ್ನೊಡನೆಯೇ ಮಣ್ಣುಗೂಡಲೆಂದು ಒಳಗೊಳಗೆ ಬಗೆದ ಗುರು ಅವನನ್ನು ಒಪ್ಪುತ್ತಾನೆ; ಒಪ್ಪಿ ತನ್ನ ಯೌವನದ ಕಥೆಯನ್ನೂ, ತನಗಿಂತ ಸಹಜಪ್ರತಿಭೆಯುಳ್ಳ ಗೆಳೆಯ ಸುಕೆರೊಕುವಿನ ಕಥೆಯನ್ನೂ ಬಿಚ್ಚುತ್ತಾನೆ. ಕಲಿತು ಬೆಳೆದವನಿಗೂ ಹುಟ್ಟಿನಿಂದ ಬಂದವನಿಗೂ ನಡುವೆ ಇರುವ ಸ್ನೇಹ, ಅಸೂಯೆ, ಸಾಲ, ಇವು ಯಾವುದೇ ಘರಾಣೆಯ ಮನೆಯಲ್ಲಿ ನಡೆದಿರಬಹುದಾದ ಸಂಗತಿಗಳು. ಚಿತ್ರಕಾರರ ಧೈರ್ಯವನ್ನಾದರೂ ಏನೆಂದು ಹೇಳಬೇಕು! ಚಲಿಸುವ ಚಿತ್ರದ ಕಲೆಯಲ್ಲಿ, ಚಲಿಸದೆ ಕುಳಿತ ಒಬ್ಬ ಮನುಷ್ಯನನ್ನು ನಿಮಿಷಗಟ್ಟಲೆ ತೋರಿಸುತ್ತಾರೆ. ಹಣೆಯ ಬೆವರು, ಬೆರಳಿನ ನಡುಕ, ಕೇಳುಗರ ಸಾಲಿನಲ್ಲಿ ಬಾಯ್ದೆರೆದ ಒಂದು ಮುಖ, ಇಷ್ಟರಿಂದಲೇ ಸಭೆ ಒಲಿದುದೋ ಮುನಿದುದೋ ತಿಳಿಯುತ್ತದೆ. ಇಶಿದಾ ಅಕಿರಾ ಎಂಬ ನಟರು ಯಾಕುಮೊವಿಗೆ ತಾರುಣ್ಯದಿಂದ ಮುಪ್ಪಿನವರೆಗೆ ತಾವೇ ಧ್ವನಿಯಿತ್ತಿದ್ದಾರೆ. ಎಳೆಯನ ಎರವಲು ದನಿ ವರ್ಷವರ್ಷಕ್ಕೆ ಒಣಗಿ, ಸವೆದು, ಅವನದೇ ಆಗುವುದನ್ನು ಕಿವಿಯಿಂದ ಕೇಳಬಹುದು. ಎರಡನೆಯ ಭಾಗದ ಕೊನೆಯಲ್ಲಿ ಕೆಲವು ಗಂಟುಗಳನ್ನು ಅವಸರವಾಗಿ ಬಿಚ್ಚಲಾಗಿದೆ ಎಂಬ ಆಕ್ಷೇಪವು ನಿರಾಧಾರವಲ್ಲ; ಅಷ್ಟರಿಂದ ಒಟ್ಟು ಕೃತಿಗೆ ಊನ ಬಂದಿಲ್ಲ.

ಇದಕ್ಕಿಂತ ಹಗುರಾದುದು ಬೇಕೆಂಬವರಿಗೆ 2014ರ 'ಬರಕಮೊನ್' ಇದೆ, ಹನ್ನೆರಡೇ ಕಂತು. ಹಾಂದಾ ಎಂಬ ತರುಣ ಲಿಪಿಕಾರನ ಬರಹವನ್ನು ಪ್ರದರ್ಶನಾಲಯದ ವೃದ್ಧ ಮುಖ್ಯಸ್ಥರೊಬ್ಬರು 'ಪಾಠಪುಸ್ತಕದ ಅಕ್ಷರದಂತಿದೆ' ಎಂಬರ್ಥದಲ್ಲಿ ಆಡಿದುದಕ್ಕೆ ಅವನು ಅವರ ಮೇಲೆ ಕೈಮಾಡುತ್ತಾನೆ. ತಂದೆ ಅವನನ್ನು ದೂರದ ಗೊತೊ ದ್ವೀಪಕ್ಕೆ ಅಟ್ಟುತ್ತಾನೆ. ಅಲ್ಲಿಯ ಹಳ್ಳಿಯ ಮಕ್ಕಳು ಹೇಳದೆ ಕೇಳದೆ ಮನೆಯನ್ನು ಹೊಕ್ಕು ಅವನ ಏಕಾಂತವನ್ನೂ ಅಹಂಕಾರವನ್ನೂ ಒಟ್ಟಿಗೆ ಸೂರೆಗೊಳ್ಳುತ್ತಾರೆ. ಸಾಹಿತ್ಯಸಂಘಗಳ ಸದಸ್ಯರು ಇದನ್ನು ವಿಶೇಷವಾಗಿ ನೋಡತಕ್ಕದ್ದು.

2023-24ರ 'ಫ್ರೀರೆನ್' ಇನ್ನೊಂದು ತರದ್ದು. ಅಸುರರಾಜನನ್ನು ಕೊಂದು ವೀರರು ಊರಿಗೆ ಮರಳಿದ ಮೇಲೆ ಇದರ ಕಥೆ ಪ್ರಾರಂಭ. ಸಾವಿರಾರು ವರ್ಷ ಬಾಳುವ ಜಾತಿಯ ಫ್ರೀರೆನಳಿಗೆ ಗೆಳೆಯರೊಡನೆ ಕಳೆದ ಹತ್ತು ವರ್ಷ ಒಂದು ಗಳಿಗೆ. ಐವತ್ತು ವರ್ಷ ಬಿಟ್ಟು ಬಂದು, ಮುದುಕನಾದ ನಾಯಕನ ಅಂತ್ಯಕ್ರಿಯೆಯಲ್ಲಿ ನಿಂತಾಗ, ಆತನನ್ನು ಅರಿಯಲು ಯತ್ನಿಸಲೇ ಇಲ್ಲವಲ್ಲ ಎಂದು ಅವಳಿಗೆ ಅಳು ಬರುತ್ತದೆ. ಕುರುಕ್ಷೇತ್ರ ಮುಗಿದ ಮೇಲಿನ ಪರ್ವಗಳಲ್ಲಿಯೂ ಭಾರತದ ಸಾರವುಂಟೆಂದು ಬಲ್ಲ ವಾಚಕರಿಗೆ ಈ ಆರಂಭ ವಿಚಿತ್ರವೆನಿಸದು. ನಡುವಿನ ಮಾಂತ್ರಿಕರ ಪರೀಕ್ಷೆಯ ಕಂತುಗಳು ಮಾತ್ರ ದೀರ್ಘವಾದುವು. ಚಿಕ್ಕವರಿದ್ದ ಮನೆಗೆ 1974ರ 'ಹೈಡಿ' ಸಾಕು. ತಾಕಾಹಾತಾ ಇಸಾಓ ಅವರ ನಿರ್ದೇಶನ. ಆಲ್ಪ್ಸ್ ಪರ್ವತದ ಅಜ್ಜ-ಮೊಮ್ಮಗಳ ಆ ಕಥೆಯಲ್ಲಿ ರೊಟ್ಟಿಯ ಮೇಲೆ ಗಿಣ್ಣು ಕರಗುವುದೇ ಒಂದು ಘಟನೆ. ಹೆಣ್ಣಿನ ದೇಹವನ್ನು ಕೀಳಾಗಿ ಬಳಸುವ ಅನಿಮೆಗಳೂ ಬೇಕಾದಷ್ಟಿವೆ. ಹಿರಿಯರ ಸಂದೇಹಕ್ಕೆ ಅವೇ ಆಹಾರ. ತೋರಿಸುವವನು ತಾನು ಮೊದಲು ಪೂರ್ತಿ ನೋಡಿರದುದನ್ನು ಪಡಸಾಲೆಯಲ್ಲಿ ಹಚ್ಚಬಾರದು.

ಇಷ್ಟೆಲ್ಲ ಹೇಳಿಯೂ ಭಾಷೆಯ ಪ್ರಶ್ನೆ ಉಳಿಯಿತು. ಹೆಸರಾಂತ ಮಾಲೆಗಳಲ್ಲಿ ಕೆಲವು ಹಿಂದೀ, ತಮಿಳು, ತೆಲುಗುಗಳ ಧ್ವನಿಯಲ್ಲಿ ದೊರೆಯುತ್ತವೆ. ಕನ್ನಡದಲ್ಲಿ ಅಂಥವು ತೀರ ವಿರಳ. ಕನ್ನಡ ಚಿತ್ರೋದ್ಯಮವು ತನ್ನ ರಕ್ಷಣೆಗೆಂದು 1960ರ ದಶಕದಿಂದ ಡಬ್ಬಿಂಗನ್ನು ತಡೆದು ನಿಲ್ಲಿಸಿತ್ತು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಆ ತಡೆ ನ್ಯಾಯವಲ್ಲವೆಂದಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಎಂಬ ತಮಿಳಿನಿಂದ ಬಂದ ಚಿತ್ರ ಕನ್ನಡದಲ್ಲಿ ತೆರೆಕಂಡಿತು. ಆ ಅರ್ಧ ಶತಮಾನದಲ್ಲಿ ನಟರಿಗೂ ಕಾರ್ಮಿಕರಿಗೂ ಲಾಭವಾಗಿರಬಹುದು. ಆದರೆ ಬರೆದ ಚಿತ್ರದಲ್ಲಿ ಯಾವ ನಟನ ಮುಖವೂ ಇರುವುದಿಲ್ಲ, ಅಲ್ಲಿ ಧ್ವನಿಯನ್ನು ಬದಲಿಸುವುದು ಯಾರ ಅನ್ನವನ್ನೂ ಕಸಿಯದು ಎಂಬ ಸಣ್ಣ ಭೇದವನ್ನು ಯಾರೂ ಗಣಿಸಲಿಲ್ಲ. 2025ರಲ್ಲಿ 'ಮಹಾವತಾರ ನರಸಿಂಹ' ಕನ್ನಡದಲ್ಲಿಯೂ ಹೊರಬಂದಾಗ ಹಿರಿಯರು ಕಿರಿಯರೆನ್ನದೆ ಹೋಗಿ ನೋಡಿದರು. ಗೊಂಬೆಯಾಟವೆಂಬ ಆಕ್ಷೇಪ ಆಗ ಎಲ್ಲಿ ಅಡಗಿತ್ತೋ!

ಸದ್ಯಕ್ಕೆ ಇಂಗ್ಲೀಷಿನ ಅಡಿಬರಹವನ್ನು ಓದಲಾರದ ಅಜ್ಜಿಯಿರುವ ಮನೆಯಲ್ಲಿ ಹಳೆಯ ಪದ್ಧತಿಯೊಂದು ಒದಗೀತು. ಭಾರತವಾಚನದಲ್ಲಿ ಒಬ್ಬರು ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅದರಂತೆ ಮೊಮ್ಮಗನು ಅಡಿಬರಹವನ್ನೋದಿ ಕನ್ನಡದಲ್ಲಿ ನುಡಿಯಬಹುದು. ಆದರೆ ಆಗ ಆಯ್ಕೆಯ ಕ್ರಮವೇ ಬದಲಾಗುತ್ತದೆ. ರಾಕುಗೊ ಎಷ್ಟು ಶ್ರೇಷ್ಠವಾದರೂ ಅಲ್ಲಿ ಮಾತು ಪ್ರವಾಹ. ಶ್ಲೇಷೆಯ ಮೇಲೆ ಶ್ಲೇಷೆ ಬರುತ್ತಿರಲು ಅರ್ಥ ಹೇಳುವವನು ಬೆಣ್ಣಿಹಳ್ಳದ ನೆರೆಗೆ ಸಿಕ್ಕವನಂತಾಗುತ್ತಾನೆ. ಅಂತಹ ಮನೆಗೆ ನಾಗಾಹಾಮಾ ಹಿರೊಶಿಯವರ 'ಮುಶಿಶಿ'ಯೇ ಮೊದಲನೆಯದಾಗಬೇಕು. 2005-06ರಲ್ಲಿ ಬಂದ 26 ಕಂತುಗಳು. ಪ್ರತಿಯೊಂದೂ ಬೇರೆ ಕಥೆ, ಆದ್ದರಿಂದ ಹಬ್ಬ-ಹುಣ್ಣಿಮೆಗಳಲ್ಲಿ ನಡುವೆ ಬಿಟ್ಟರೂ ಬಾಧಕವಿಲ್ಲ. ಗಿಡವೂ ಅಲ್ಲದ, ಪ್ರಾಣಿಯೂ ಅಲ್ಲದ 'ಮುಶಿ' ಎಂಬ ಸೂಕ್ಷ್ಮಜೀವಗಳು ಮನುಷ್ಯರ ಬಾಳಿನಲ್ಲಿ ತೊಡಕಿಕೊಂಡಾಗ ಗಿಂಕೊ ಎಂಬ ಅಲೆಮಾರಿ ವೈದ್ಯನು ಬಂದು ವಿಚಾರಿಸುತ್ತಾನೆ. ಅವನು ಮುಶಿಗಳನ್ನು ದೆವ್ವವೆಂದು ಬೈಯುವುದಿಲ್ಲ, ರೋಗಿಯನ್ನು ಪಾಪಿಯೆನ್ನುವುದಿಲ್ಲ. ಕೆಲವು ಸಲ ವಾಸಿಮಾಡಲಾರದೆ ಗಂಟು ಹೊತ್ತು ಮುಂದಿನ ಊರಿಗೆ ಹೊರಡುತ್ತಾನೆ. ಮೊದಲ ಕಂತಿನಲ್ಲಿಯೇ ಎಡಗೈಯಿಂದ ಬರೆದುದೆಲ್ಲ ಜೀವ ತಳೆದು ಹಾರಿಹೋಗುವ ಒಬ್ಬ ಹುಡುಗನಿದ್ದಾನೆ, ತೀರಿಕೊಂಡ ಅವನ ಅಜ್ಜಿಯೂ ಇದ್ದಾಳೆ. ಮಾತು ಅಲ್ಪ, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಮಳೆ, ಹಿಮ, ಬಿದಿರಿನ ಗಾಳಿ. ಆ ಬಿಡುವಿನಲ್ಲಿ ಮೊಮ್ಮಗನು ಅರ್ಥ ಹೇಳಿ ಮುಗಿಸಬಹುದು, ಅಜ್ಜಿಯೂ ತನ್ನ ಸಂದೇಹವನ್ನು ಕೇಳಿಕೊಳ್ಳಬಹುದು.