ಹಿನ್ನೆಲೆಯಲ್ಲಿ ವೈಟ್‌ಫೀಲ್ಡ್ ಇರಲಿ

ರಜೆಯ ಬೆಳಗ್ಗೆ ವರ್ತೂರು, ಕೈಕೊಂಡ್ರಹಳ್ಳಿ, ಶೀಲವಂತನ ಕೆರೆಗಳ ಸುತ್ತ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಅಲೆಯುವವರು ಈಗ ಕಡಿಮೆಯೇನಿಲ್ಲ. ವಾರವೆಲ್ಲ ಟೆಕ್ ಪಾರ್ಕಿನ ಎಸಿಯಲ್ಲಿ ಕೂತವರು ಗೊರವಂಕ, ಓತಿಕ್ಯಾತ, ಅಳಿಲುಗಳ ಹಿಂದೆ ಬೀಳುವುದು ಒಳ್ಳೆಯ ಗೀಳೇ. ಕಬಿನಿಯ ಸಫಾರಿಗೆ ದುಡ್ಡು ಸುರಿದು ಹುಲಿಗೆ ಕಾಯುವುದಕ್ಕಿಂತ ಇದು ವಾಸಿ. ಹುಲಿ ಕಾಣದಿದ್ದರೆ ಅಲ್ಲಿ ದಿನ ದಂಡ; ಇಲ್ಲಿ ಕುಂಡೆಕುಸ್ಕ ತಪ್ಪಿಸಿಕೊಂಡರೆ ಕಾಜಾಣ ಸಿಕ್ಕೀತು. ನನ್ನ ತಕರಾರೇನಿದ್ದರೂ ಆ ಸುತ್ತಾಟದಿಂದ ಬರುವ ಚಿತ್ರಗಳ ಮೇಲೆ.

ಹಕ್ಕಿಯ ಒಂದೊಂದು ಗರಿಯನ್ನೂ ಎಣಿಸಬಹುದು, ಹಿಂದೆ ಮಾತ್ರ ಬರೀ ಹಸಿರು ಮಸುಕು. ಯಾವೂರಿನ ಹಕ್ಕಿಯೋ ತಿಳಿಯದು. ಮಿಂಚುಳ್ಳಿ ಕೂತಿದ್ದದ್ದು ಅಪಾರ್ಟ್‌ಮೆಂಟಿನ ಹಿಂದಿನ ಕರೆಂಟ್ ತಂತಿಯ ಮೇಲೆ. ಚಿತ್ರದಲ್ಲಿ ಅದು ನಾಗರಹೊಳೆಯಿಂದ ಬಂದಂತಿದೆ. ಉದ್ದನೆಯ ಲೆನ್ಸು ಅಳಿಸದೆ ಬಿಟ್ಟ ಬೆಂಗಳೂರನ್ನು ಸಾಫ್ಟ್‌ವೇರ್ ಅಳಿಸುತ್ತದೆ.

ಈ ಚಾಳಿಗೆ ಸ್ಪರ್ಧೆಗಳೂ ಕಾರಣ. ಎಫ್‌ಐಎಪಿ, ಪಿಎಸ್‌ಎ, ಆರ್‌ಪಿಎಸ್ ಎಂಬ ಮೂರು ದೊಡ್ಡ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿಕೊಂಡು 2015ರಿಂದ ಜಾರಿಗೆ ತಂದ ವ್ಯಾಖ್ಯೆಯ ಪ್ರಕಾರ ನಿಸರ್ಗ ವಿಭಾಗದ ಚಿತ್ರದಲ್ಲಿ ಮನುಷ್ಯನ ಕುರುಹು ಸಲ್ಲದು. ಆದರೆ ಅದೇ ವ್ಯಾಖ್ಯೆ ಒಂದು ಕಿಂಡಿ ಬಿಟ್ಟಿದೆ: ಕಣಜದ ಗೂಬೆ, ಕೊಕ್ಕರೆಗಳಂತೆ ಮನುಷ್ಯನ ನೆಲೆಗೆ ಒಗ್ಗಿಕೊಂಡ ಜೀವಿಗಳ ಕಥೆಗೆ ಆ ಕುರುಹು ಬೇಕೇ ಬೇಕೆಂದಾದರೆ ಇರಬಹುದು. ಪೀಣ್ಯದ ಶೆಡ್ಡುಗಳ ಮೇಲೆ ಸುತ್ತುವ ಹದ್ದಿಗೆ, ಎಲೆಕ್ಟ್ರಾನಿಕ್ ಸಿಟಿಯ ಕಾಂಪೌಂಡ್ ಗೋಡೆಯ ಜೇಡಕ್ಕೆ ಆ ಕಿಂಡಿ ಧಾರಾಳ ಸಾಕು. ನುಗ್ಗುವವರು ಕಾಣೆ.

ಹಳಬರನ್ನು ಮುಂದಿಟ್ಟು ಹೊಸಬರನ್ನು ಹಳಿಯುವುದು ಸುಲಭ. ವನ್ಯಜೀವಿ ಛಾಯಾಗ್ರಾಹಕರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಕಾಲದಲ್ಲಿ ರೋಲಿಗೆ 36 ಚಿತ್ರ. ತಾಳ್ಮೆ ತಾನಾಗಿ ಬರುತ್ತಿತ್ತು. ಆದರೆ ಗೂಡಿನೆದುರು ಮರೆ ಕಟ್ಟಿ ಕೂರುವುದೂ ಆಗಿನ ರೂಢಿ, ಈಗ ಅದನ್ನು ತಪ್ಪೆನ್ನುತ್ತಾರೆ. ಅವರಿಗಿಂತ ಈ ಅಲೆಮಾರಿಗಳಿಗೆ ಹತ್ತಿರದವರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ತೋಟದ ಆಸುಪಾಸಿನ ಹಕ್ಕಿಗಳೇ ಅವರಿಗೆ ಸಾಕಾಗಿದ್ದವು.

ಈಚೆಗೆ ನನಗೆ ಹಿಡಿಸಿದ್ದು ಒಂದು ಮೊಬೈಲ್ ಚಿತ್ರ. ವೈಟ್‌ಫೀಲ್ಡ್ ಆಚೆಯ ಲೇಔಟು, ಖಾಲಿ ಸೈಟಿನಲ್ಲಿ ಜಲ್ಲಿ ರಾಶಿ, ಪಕ್ಕದಲ್ಲಿ ಮಾರಾಟದ ಬೋರ್ಡು. ಜಲ್ಲಿಯ ನಡುವೆ ಟಿಟ್ಟಿಭವೊಂದು ಕಾವಿಗೆ ಕೂತಿದೆ. ಕಣ್ಣ ಮುಂದಿನ ಕೆಂಪು ತೊಗಲು ಕಾಣದಿದ್ದರೆ ಅದೂ ಕಲ್ಲೇ. ತೆಗೆದವರು ರಸ್ತೆ ಬಿಟ್ಟು ಇಳಿದಿಲ್ಲ. ಹತ್ತಿರ ಹೋಗಿದ್ದರೆ ಹಕ್ಕಿ ಕಿರುಚಿ ಎದ್ದು, ಮೊಟ್ಟೆ ಬಿಸಿಲಿಗೆ ಬಿದ್ದು, ಚಿತ್ರವೂ ಸಂಸಾರವೂ ಕೆಡುತ್ತಿದ್ದವು. ಮೊಬೈಲಿನ ಅಗಲ ಲೆನ್ಸಿಗೆ ಬೋರ್ಡನ್ನು ಬಿಟ್ಟು ಹಕ್ಕಿಯನ್ನಷ್ಟೇ ಹಿಡಿಯಲು ಬರಲಿಲ್ಲ, ಗೆದ್ದದ್ದು ಅಲ್ಲೇ. ಲಕ್ಷಗಟ್ಟಲೆಯ ಲೆನ್ಸು ಇದ್ದಿದ್ದರೆ ಹಕ್ಕಿ ಸಿಗುತ್ತಿತ್ತು, ಸೈಟು ಹೋಗುತ್ತಿತ್ತು.

ಇಂಥ ಚಿತ್ರ ಹಂಚುವ ಮುನ್ನ ಜಾಗದ ಗುರುತು ತೆಗೆದುಹಾಕಬೇಕು. ಐನ್ಯಾಚುರಲಿಸ್ಟ್‌ನಂಥ ಜೀವಿದಾಖಲೆಯ ಜಾಲತಾಣ ಅಳಿವಿನಂಚಿನ ಜೀವಿಗಳ ನೆಲೆಯನ್ನು ತಾನೇ ಮರೆಮಾಡುತ್ತದೆ. ಟಿಟ್ಟಿಭ ಅಳಿವಿನಂಚಿನದಲ್ಲ, ಅದರ ಸೈಟನ್ನು ನಾವೇ ಕೈಯಾರೆ ಮರೆಮಾಡಬೇಕು.