ಚಳಿಗಾಲದ ಅಣಬೆ, ಚೌಕಟ್ಟಿನೊಳಗಿನ ಮರ

ಬ್ರಿಟನ್ನಿನ ಎಲೆ ಉದುರುವ ಕಾಡುಗಳಲ್ಲಿ ಅಣಬೆಗಳ ಸುಗ್ಗಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಡೆಯುತ್ತದೆ. ನೆಲ ಹೆಪ್ಪುಗಟ್ಟತೊಡಗಿದ ಮೇಲೆ ಮಣ್ಣಿನಿಂದ ಏಳುವ ಮೆದು ಜಾತಿಗಳು ಬಹುಪಾಲು ಮರೆಯಾಗಿ, ಮರವನ್ನು ಆಶ್ರಯಿಸಿದವು ಉಳಿಯುತ್ತವೆ. ಮರದೊಳಗೆ ಹಬ್ಬಿದ ಎಳೆಗಳ ಜಾಲವೇ ಶಿಲೀಂಧ್ರದ ಮುಖ್ಯ ದೇಹ. ಕಣ್ಣಿಗೆ ಬೀಳುವ ಅಣಬೆಯು ಬೀಜಕಗಳನ್ನು, ಎಂದರೆ ಸಂತಾನ ಹರಡುವ ಸೂಕ್ಷ್ಮ ಕಣಗಳನ್ನು, ಹೊರಹಾಕಲು ಮೂಡುವ ಭಾಗ. ಆದ್ದರಿಂದ ಮರವನ್ನು ಹೊರಗಿಟ್ಟು ಟೋಪಿಯ ಬಣ್ಣವನ್ನಷ್ಟೇ ತುಂಬಿಕೊಂಡ ಚಳಿಗಾಲದ ಚಿತ್ರ ಎಷ್ಟೇ ಮೋಹಕವಾಗಿದ್ದರೂ ಅಪೂರ್ಣ.

ಕೊಳೆತ ಬುಡಗಳ ಮೇಲೆ ಗುಂಪಾಗಿ ಏಳುವ ವೆಲ್ವೆಟ್ ಶ್ಯಾಂಕ್ ಈ ಋತುವಿನ ಪ್ರಧಾನ ಅಣಬೆ. ಅದು ಹೆಪ್ಪುಗಟ್ಟಿದರೂ ಸಾಯದೆ, ಕರಗಿದ ಮೇಲೆ ಮತ್ತೆ ಬೀಜಕ ಸುರಿಸಬಲ್ಲದು. ಅದರ ಟೋಪಿ ಕಿತ್ತಳೆ ಬಣ್ಣದ್ದು, ಲೋಳೆಯುಳ್ಳದ್ದು; ಕಾಂಡದ ಬುಡ ಕಡುಕಂದು, ಮಖಮಲ್ಲಿನಷ್ಟು ನವುರು. ಮರದ ಮೇಲೆಯೇ ಬೆಳೆಯುವ, ಪ್ರಾಣಾಂತಕ ವಿಷವುಳ್ಳ ಗ್ಯಾಲೆರಿನಾ ಮಾರ್ಜಿನೇಟಾ ಮೇಲುನೋಟಕ್ಕೆ ಇದನ್ನು ಹೋಲುವುದರಿಂದ, ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿ ಟೋಪಿಯ ಅಡಿಯ ಪದರಗಳನ್ನೂ ಕಾಂಡವನ್ನೂ ಹಿಡಿದ ಚಿತ್ರವೇ ಗುರುತಿಸುವವರಿಗೆ ಉಪಯುಕ್ತ.

ಚಳಿಗಾಲ ಮುಗಿಯುವ ಹೊತ್ತಿಗೆ ಪಾಚಿಗಟ್ಟಿದ ಉದುರುಕೊಂಬೆಗಳ ಮೇಲೆ ಕಾಣುವ ಸ್ಕಾರ್ಲೆಟ್ ಎಲ್ಫ್ ಕಪ್ ಬಟ್ಟಲಿನಾಕಾರದ ಕಡುಗೆಂಪು ಶಿಲೀಂಧ್ರ. ಕ್ಯಾಮೆರಾದ ಸಂವೇದಕವು ಈ ಕೆಂಪನ್ನು ಬೇಗ ಅತಿಯಾಗಿ ದಾಖಲಿಸಿ ಒಳಮೈಯ ವಿವರಗಳನ್ನು ಅಳಿಸುವುದರಿಂದ, ಬೆಳಕಿನ ಪ್ರಮಾಣವನ್ನು ತುಸು ತಗ್ಗಿಸುವುದು ಲೇಸು. ಇಷ್ಟು ಸಮೀಪದಿಂದ ತೆಗೆದಾಗ ಸ್ಪಷ್ಟವಾಗಿ ಮೂಡುವ ಆಳ ಕೆಲವೇ ಮಿಲಿಮೀಟರ್. ಲೆನ್ಸಿನ ರಂಧ್ರವನ್ನು ತೀರಾ ಕಿರಿದಾಗಿಸಿದರೆ ಬೆಳಕು ಬಾಗಿ ಇಡೀ ಚಿತ್ರ ಮಸುಕಾಗುತ್ತದೆ. ಈ ಇಕ್ಕಟ್ಟಿಗೆ ಪರಿಹಾರ ಫೋಕಸ್ ಸ್ಟ್ಯಾಕಿಂಗ್: ಟ್ರೈಪಾಡ್ ಕದಲಿಸದೆ, ಫೋಕಸ್ಸನ್ನು ಹಂತಹಂತವಾಗಿ ಸರಿಸುತ್ತ ತೆಗೆದ ಹಲವು ಚಿತ್ರಗಳ ಸ್ಪಷ್ಟ ಭಾಗಗಳನ್ನು ಕಂಪ್ಯೂಟರಿನಲ್ಲಿ ಒಂದಾಗಿಸುವ ವಿಧಾನ. ಚಳಿಯಲ್ಲಿ ಬ್ಯಾಟರಿ ಬೇಗ ಸೊರಗುವುದರಿಂದ ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡಬೇಕು.

ಮರವನ್ನು ಬಿಟ್ಟರೆ ಚಿತ್ರವೇ ಇಲ್ಲವೆಂಬ ಮಾತಿಗೆ ಹೇರ್ ಐಸ್ ಅತ್ಯುತ್ತಮ ನಿದರ್ಶನ. ತೊಗಟೆ ಕಳಚಿದ ಒದ್ದೆ ಕೊಂಬೆಯಿಂದ, ಉಷ್ಣಾಂಶ ಸೊನ್ನೆಗಿಂತ ತುಸು ಕೆಳಗಿಳಿದ ತೇವದ ರಾತ್ರಿಗಳಲ್ಲಿ, ಸುಮಾರು 0.02 ಮಿ.ಮೀ. ದಪ್ಪದ ಮಂಜುಗಡ್ಡೆಯ ಎಳೆಗಳು ಒತ್ತಾಗಿ ಹೊರಡುತ್ತವೆ. ಭೂಖಂಡಗಳ ಚಲನೆಯ ಸಿದ್ಧಾಂತದಿಂದ ಹೆಸರಾದ ಆಲ್ಫ್ರೆಡ್ ವೆಗೆನರ್ 1918ರಲ್ಲಿಯೇ ಇದರ ಹಿಂದೆ ಶಿಲೀಂಧ್ರವಿರಬೇಕೆಂದು ಊಹಿಸಿದ್ದರು; 2015ರಲ್ಲಿ ಪ್ರಕಟವಾದ ಅಧ್ಯಯನವು ಅದನ್ನು ಎಕ್ಸಿಡಿಯಾಪ್ಸಿಸ್ ಎಫ್ಯೂಸಾ ಎಂದು ಗುರುತಿಸಿತು. ಎಳೆಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗದಂತೆ ತಡೆಯುವುದು ಈ ಶಿಲೀಂಧ್ರದ ಚಟುವಟಿಕೆಯೇ. ಬಿಸಿಲು ತಾಗಿದರೆ ಕರಗುವ ಈ ಎಳೆಗಳ ಚಿತ್ರವನ್ನು ಸೂರ್ಯೋದಯದ ಹೊತ್ತಿಗೇ ತೆಗೆಯಬೇಕು, ಅವು ಹೊರಟ ಕೊಂಬೆಯ ಬತ್ತಲೆ ಮೈಯೂ ಅದರ ಆಚೀಚೆ ಉಳಿದ ತೊಗಟೆಯೂ ಚೌಕಟ್ಟಿನಲ್ಲಿರಬೇಕು. ಏಕೆಂದರೆ ಅಲ್ಲಿ ಕಾಣುವ ಶಿಲೀಂಧ್ರವೆಂದರೆ ಮರದೊಳಗೆ ಅದು ನಡೆಸಿದ ಕೆಲಸದ ಫಲವಷ್ಟೇ.