ಹಕ್ಕಿಯ ಹಿಂದಿನ ಹಸಿರು

ಸಾಫ್ಟ್ ಪ್ಯಾಸ್ಟೆಲ್‌ನಲ್ಲಿ ಹಕ್ಕಿ ಬಿಡಿಸುವವರು ಈಗ ತುಂಬಾ ಜನ ಇದ್ದಾರೆ. ಕೈಚಳಕಕ್ಕೆ ಕೊರತೆಯಿಲ್ಲ, ಮಿಂಚುಳ್ಳಿಯ ಗರಿಗಳನ್ನು ಎಣಿಸಬಹುದು. ನನ್ನ ತಕರಾರು ಹಕ್ಕಿಯ ಬಗ್ಗೆ ಅಲ್ಲ, ಅದರ ಹಿಂದಿರೋ ಹಸಿರಿನ ಬಗ್ಗೆ. ಬೆರಳಲ್ಲಿ ಉಜ್ಜಿ ಉಜ್ಜಿ ಮಂಜು ಮಾಡಿದ ಆ ಹಸಿರು ಯಾವ ಗಿಡದ್ದು, ಯಾವ ತಿಂಗಳಿನದು? ಗೊತ್ತಾಗಲ್ಲ. ಆ ಮಸುಕು ನಮ್ಮ ಕಣ್ಣಿನದಲ್ಲ, ಟೆಲಿಫೋಟೋ ಲೆನ್ಸಿನದು. ಫೋಟೋ ನೋಡಿ ಬಿಡಿಸುವಾಗ ಹಕ್ಕಿಯ ಜೊತೆ ಅದೂ ಕಾಗದಕ್ಕೆ ಇಳಿದುಬಿಡುತ್ತೆ.

ಮುತ್ತುಗವನ್ನೇ ತಗೊಳ್ಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿಸಿ ಕಿತ್ತಳೆಗೆಂಪು ಹೂ ಹೊತ್ತು ನಿಲ್ಲುತ್ತೆ. ಮೈನಾಗಳು ಬರೋದೇ ಆ ಹೂವಿನ ಮಕರಂದಕ್ಕೆ. ಮರವನ್ನು ಮಸುಕು ಮಾಡಿದರೆ ಮೈನಾ ಅಲ್ಲಿಗೆ ಯಾಕೆ ಬಂತು ಅನ್ನೋದೇ ಅಳಿಸಿಹೋಗುತ್ತೆ.

ಇದು ಪ್ಯಾಸ್ಟೆಲ್‌ನ ಮಿತಿಯಂತೂ ಅಲ್ಲ. ಅದು ಬಹುಪಾಲು ಬಣ್ಣದ ಪುಡಿ, ಹಿಡಿದಿಡೋಕೆ ಒಂಚೂರು ಅಂಟು. ಒಣಗಲಿ ಅಂತ ಕಾಯಬೇಕಿಲ್ಲ, ಗಾಢ ಬಣ್ಣದ ಮೇಲೂ ತಿಳಿ ಬಣ್ಣ ಕೂರುತ್ತೆ. ಕಂದು ಕಾಗದದ ಮೇಲೆ ಕಿತ್ತಳೆಯ ನಾಲ್ಕು ಗೀಟು ಎಳೆದು, ಉಜ್ಜದೆ ಬಿಟ್ಟು ನೋಡಿ. ಮುತ್ತುಗ ಹೊತ್ತಿಕೊಳ್ಳುತ್ತೆ.

ರುಮಾಲೆ ಚನ್ನಬಸವಯ್ಯ (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಜಲವರ್ಣ, ತೈಲವರ್ಣಗಳಲ್ಲಿ ಬರೆದರು. ಮಾಧ್ಯಮ ಬೇರೆ, ಆದರೆ ಅಲ್ಲಿ ಮರ ಯಾರ ಹಿನ್ನೆಲೆಯೂ ಅಲ್ಲ. ಋತುವೇ ಚಿತ್ರದ ವಿಷಯ.

ಇಂಥ ಚಿತ್ರಗಳನ್ನು ನೋಡಿಯೇ ಎಷ್ಟೋ ಮಕ್ಕಳು ಹಕ್ಕಿಗಳ ಹೆಸರು ಕಲಿಯುತ್ತಿದ್ದಾರೆ. ಹಕ್ಕಿ ಗೊತ್ತು, ಅದು ಕೂರೋ ಮರ ಗೊತ್ತಿಲ್ಲ ಅಂದ್ರೆ, ನಾಳೆ ಆ ಮರ ಕಡಿದಾಗ ಏನು ಹೋಯ್ತು ಅಂತ ಅವರಿಗೆ ಗೊತ್ತಾಗೋದು ಹೇಗೆ?